ಕೊಡುವದಕ್ಕೆ ಯಾವದು ನಮ್ಮದು?



ಕಾಗಿಣಾ ಹೊಳೆಯ ದಂಡೆಯ ಮೇಲಿನ ಒಂದು ಹಳ್ಳಿಯಲ್ಲಿ, ತೊಗರಿಯ ರಾಶಿ ಮುಗಿದ ಮೇಲೆ, ಒಂದು ಸಾಯಂಕಾಲ ಮನೆಯ ಅಂಗಳದಲ್ಲಿ ಪ್ರಾರ್ಥನಾಕೂಟವು ನಡೆಯಿತು. ಹಿಂದಿನ ಕಾಲದ ಮಿಶನರಿಗಳು ತಮ್ಮ ಚಿಕ್ಕ ಮಕ್ಕಳನ್ನು ಹಡಗು ಹತ್ತಿಸಿ ಯೂರೋಪಿಗೆ ಕಳುಹಿಸಿಬಿಟ್ಟು, ತಾವು ಈ ದೇಶದಲ್ಲಿಯೇ ಉಳಿದು ಸೇವೆ ಮಾಡಿದರೆಂತಲೂ, ಅದು ಎಂಥ ದೊಡ್ಡ ತ್ಯಾಗವೆಂತಲೂ ನಾನು ಹೇಳಿದೆನು. ಎಲ್ಲರೂ ತಲೆದೂಗಿದರು. ಬಾಗಿಲ ಬಳಿಯಲ್ಲಿ ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದ ಮುದುಕಿಯೊಬ್ಬಳು ಮಾತ್ರ ತಲೆದೂಗಲಿಲ್ಲ. “ಅಯ್ಯನವರೇ, ಆ ಕೂಸುಗಳಿಗೆ ಯಾರರೆ ಕೇಳಿದ್ರೇನ್ರಿ?” ಎಂದಳು. ನಾನು ಆಗ ಏನೋ ಒಂದು ಉತ್ತರ ಕೊಟ್ಟೆನು. ಅದು ಉತ್ತರವಲ್ಲವೆಂದು ಆಕೆಗೂ ತಿಳಿಯಿತು, ನನಗೂ ತಿಳಿಯಿತು. ಆದದರಿಂದ ಆ ಪ್ರಶ್ನೆಯನ್ನು ಈಗ ನಿಮ್ಮೆಲ್ಲರ ಮುಂದೆ ಇಟ್ಟು, ಸಾವಕಾಶವಾಗಿ ವಿಚಾರಿಸೋಣ.

ಮೊದಲು ಆ ಕುಟುಂಬಗಳು ಹೇಗೆ ಬಾಳಿದವೆಂಬದನ್ನು ನೋಡಬೇಕು. ಮಿಶನರಿಯೆಂದರೆ ಕೈಯಲ್ಲಿ ಪುಸ್ತಕ ಹಿಡಿದು ಮರದ ಕೆಳಗೆ ನಿಂತು ಸಾರುವವನೆಂದು ನಾವು ಭಾವಿಸುತ್ತೇವೆ. ಆತನ ಮನೆಯಲ್ಲಿ ಒಲೆ ಹೊತ್ತಿಸುವವರು ಯಾರು, ರಾತ್ರಿಯಲ್ಲಿ ಅಳುವ ಕೂಸನ್ನು ಎತ್ತುವವರು ಯಾರು ಎಂಬದನ್ನು ಕೇಳುವದಿಲ್ಲ. ದಕ್ಷಿಣ ಆಫ್ರಿಕದ ಕುರುಮಾನ್ ಎಂಬ ಸ್ಥಳದಲ್ಲಿ ರಾಬರ್ಟ್ ಮೊಫಟ್ ಅಯ್ಯನವರೂ ಮೇರಿ ಅಮ್ಮನವರೂ ಬಹುಕಾಲ ವಾಸಿಸಿದರು. 1819ರಲ್ಲಿ ಕೇಪ್ ಪಟ್ಟಣದಲ್ಲಿ ಅವರ ವಿವಾಹವಾಯಿತು. ಅವರು ಹತ್ತು ಮಕ್ಕಳ ತಂದೆತಾಯಿಗಳು. ಅಯ್ಯನವರು ತ್ಸ್ವಾನ ಭಾಷೆಗೆ ಸತ್ಯವೇದವನ್ನು ತರ್ಜುಮೆ ಮಾಡಿ 1857ರಲ್ಲಿ ಪೂರೈಸಿದರೆಂಬದು ಎಲ್ಲರಿಗೂ ತಿಳಿದದ್ದು. ಆದರೆ ನನ್ನ ಮನಸ್ಸಿಗೆ ಹತ್ತಿರವಾಗಿ ತೋರುವದು ಅಮ್ಮನವರು ತಮ್ಮ ಊರಿಗೆ ಬರೆದ ಒಂದು ಸಣ್ಣ ಸಂಗತಿ. ಅದೇನಂದರೆ, ಅಲ್ಲಿ ವಾರಕ್ಕೊಮ್ಮೆ ಮನೆಯ ನೆಲವನ್ನು ಸಗಣಿಯಿಂದ ಸಾರಿಸುವ ಪದ್ಧತಿ ಇತ್ತು; ಮೊದಲು ನೋಡಿದಾಗ ಅವರು ಅಸಹ್ಯಪಟ್ಟು ತಾನೆಂದಿಗೂ ಹೀಗೆ ಮಾಡೆನೆಂದುಕೊಂಡರು; ಬರಬರುತ್ತಾ ಧೂಳು ಅಡಗುವದಕ್ಕೂ ಚಿಗಟಗಳು ಸಾಯುವದಕ್ಕೂ ಇದಕ್ಕಿಂತ ಒಳ್ಳೇದು ಬೇರೊಂದಿಲ್ಲವೆಂದು ಒಪ್ಪಿಕೊಂಡು, ಸಾರಿಸಿದ ನೆಲವನ್ನು ಮೆಚ್ಚುವವರಾದರು. ನಮ್ಮ ಅಕ್ಕತಂಗಿಯರು ಇದನ್ನು ಓದಿ ನಗಬಹುದು. ನಗಲಿ. ಪರದೇಶದ ಒಬ್ಬ ಹೆಣ್ಣುಮಗಳು ನಮ್ಮ ತಾಯಂದಿರು ಬಲ್ಲ ಕೆಲಸವನ್ನು ಬಲ್ಲವರಿಂದ ಕಲಿತು ಅದಕ್ಕೆ ತಲೆಬಾಗಿದಳೆಂಬದು ಸಣ್ಣ ಮಾತೇನಲ್ಲ.

ಅವರ ಮಗಳು ಮೇರಿಯನ್ನು ಡೇವಿಡ್ ಲಿವಿಂಗ್‌ಸ್ಟನ್ ಅಯ್ಯನವರು ವಿವಾಹವಾದರು. ಕೊಲೊಬೆಂಗ್ ಎಂಬಲ್ಲಿ ಅವರ ಮನೆ. ಸಾಬೂನು, ಮೇಣದ ಬತ್ತಿ ಎಲ್ಲವೂ ಮನೆಯಲ್ಲಿಯೇ ಆಗಬೇಕಾಗಿತ್ತು. ಗೆದ್ದಲಹುತ್ತವನ್ನು ತೋಡಿ ಒಲೆಮಾಡಿ ಅದರಲ್ಲಿ ರೊಟ್ಟಿ ಬೇಯಿಸುತ್ತಿದ್ದರು. ಇಷ್ಟೆಲ್ಲ ಮಾಡಿ ಅಮ್ಮನವರು ಊರ ಮಕ್ಕಳಿಗೆ ಪಾಠವನ್ನೂ ಹೇಳಿಕೊಡುತ್ತಿದ್ದರು. ಅಯ್ಯನವರ ಮನಸ್ಸು ಉತ್ತರದ ಕಡೆಗೆ, ಯಾರೂ ನೋಡದ ದೇಶದ ಕಡೆಗೆ ಎಳೆಯುತ್ತಿತ್ತು. 1850ರಲ್ಲಿ ಕುಟುಂಬಸಹಿತವಾಗಿ ಮರುಭೂಮಿ ದಾಟಿ ಬಂದ ಬಳಿಕ ಹುಟ್ಟಿದ ಹೆಣ್ಣುಕೂಸು ಆರೇ ವಾರ ಬದುಕಿತು. ಮರುವರುಷ ಬಸುರಿ ಹೆಂಡತಿಯನ್ನೂ ಮಕ್ಕಳನ್ನೂ ತಿರಿಗಿ ಕರಕೊಂಡು ಹೊರಟಾಗ, ಅತ್ತೆಯವರಾದ ಮೊಫಟ್ ಅಮ್ಮನವರು ಅಳಿಯನಿಗೆ ಬಹು ಕಠಿಣವಾದ ಒಂದು ಕಾಗದ ಬರೆದರು. ಆತನು ಹೋದನು, ಆ ಕೂಸು ದಾರಿಯಲ್ಲಿಯೇ, ನದಿಯ ದಂಡೆಯಲ್ಲಿ ಹುಟ್ಟಿತು. 1852ನೇ ಏಪ್ರಿಲಿನಲ್ಲಿ ಹೆಂಡತಿಯನ್ನೂ ನಾಲ್ಕು ಮಕ್ಕಳನ್ನೂ ಕೇಪ್ ಪಟ್ಟಣದಿಂದ ಬ್ರಿಟನ್ನಿಗೆ ಕಳುಹಿಸಿಬಿಟ್ಟರು. ಅವರು ನಾಲ್ಕೂವರೆ ವರುಷ ಅಲ್ಲಿ ಬಡತನದಲ್ಲಿ ಮನೆಯಿಂದ ಮನೆಗೆ ಅಲೆದರು. ಹಿರೀ ಮಗನಾದ ರಾಬರ್ಟ್ ಮುಂದೆ ಅಮೇರಿಕಕ್ಕೆ ಹೋಗಿ, ಬೇರೆ ಹೆಸರಿನಿಂದ ಅಲ್ಲಿನ ಯುದ್ಧದಲ್ಲಿ ಸೇರಿ, 1864ರಲ್ಲಿ ಸೆರೆಯಾಳಾಗಿ ಸತ್ತನು. ಆಗ ಅವನಿಗೆ ಹದಿನೆಂಟು ವರುಷ. ಲೋಕವೆಲ್ಲ ಕೊಂಡಾಡಿದ ಆ ತಂದೆ, ಕೊಲೊಬೆಂಗಿನಲ್ಲಿದ್ದಾಗ ಸಾಯಂಕಾಲ ದಣಿದು ಬಂದು ಮಕ್ಕಳ ಸಂಗಡ ಆಡದೆ ಹೋದೆನಲ್ಲಾ ಎಂದು ಮುಪ್ಪಿನ ಕಾಲದಲ್ಲಿ ವ್ಯಸನಪಟ್ಟು ಬರೆದಿಟ್ಟಿದ್ದಾರೆ. ಅವರು ಮಾಡಿದ ಯಾವ ಪ್ರಯಾಣದ ವಿಷಯದಲ್ಲಿಯೂ ಇಂಥ ವ್ಯಸನವನ್ನು ನಾನು ಕಾಣೆನು.

ಇದು ದೂರದೇಶದ ಮಾತಾಯಿತು. ನಮ್ಮ ಕನ್ನಡ ನಾಡಿಗೆ ಬರೋಣ. ಬಾಸೆಲ್ ಮಿಶನಿನ ಮೊದಲನೆಯ ಮೂವರು, ಹೆಬಿಕ್, ಲೇನರ್, ಗ್ರೈನರ್ ಎಂಬವರು, 1834ನೇ ಅಕ್ಟೋಬರದಲ್ಲಿ ಮಂಗಳೂರಿಗೆ ಬಂದರು. ಆ ಮಿಶನಿನಲ್ಲಿ ಮದುವೆಯಾಗುವದಕ್ಕೂ ಕಮಿಟಿಯ ಅಪ್ಪಣೆ ಬೇಕಾಗಿತ್ತು. ಅದು ಕೆಲವು ವರುಷಗಳ ಸೇವೆಯಾದ ಮೇಲೆಯೇ ದೊರಕುತ್ತಿತ್ತು. ಅನೇಕ ಕನ್ಯೆಯರು ವರನ ಮುಖವನ್ನು ಒಮ್ಮೆಯೂ ನೋಡದೆ ಹಡಗು ಹತ್ತಿ, ಇಲ್ಲಿನ ಬಂದರದಲ್ಲಿ ಇಳಿದು ಮೊದಲನೆಯ ಸಾರಿ ಅವನನ್ನು ಕಂಡರು. (ನಮ್ಮ ಅಜ್ಜಿಯಂದಿರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ, ಅವರೂ ಅಕ್ಕಿಕಾಳು ಬಿದ್ದ ಮೇಲೆಯೇ ಗಂಡನ ಮುಖ ನೋಡಿದವರು.) ಮಕ್ಕಳಾದರೆ, ಅವರು ಓದುವ ಪ್ರಾಯಕ್ಕೆ ಬರುವಷ್ಟರಲ್ಲಿ ಅವರನ್ನು ಯೂರೋಪಿಗೆ ಕಳುಹಿಸುವದು ವಾಡಿಕೆಯಾಗಿತ್ತು. ಅಂಥ ಮಕ್ಕಳಿಗಾಗಿ 1853ರಲ್ಲಿ ಬಾಸೆಲಿನಲ್ಲಿ ಒಂದು ಗೃಹವನ್ನು ತೆರೆದರು. ಸುಯೆಜ್ ಕಾಲುವೆಯು 1869ರಲ್ಲಿ ತೆರೆಯುವದಕ್ಕಿಂತ ಮುಂಚೆ, ಆಫ್ರಿಕದ ದಕ್ಷಿಣದ ತುದಿಯನ್ನು ಸುತ್ತಿ ಹೋಗುವ ಹಡಗಿಗೆ ತಿಂಗಳುಗಟ್ಟಲೆ ಬೇಕಾಗಿತ್ತು. ಮಗುವು ತಾಯಿಗೆ ಬರೆದ ಕಾಗದಕ್ಕೆ ಉತ್ತರ ಬರುವಷ್ಟರಲ್ಲಿ ಅದರ ಹಲ್ಲು ಬಿದ್ದು ಹೊಸ ಹಲ್ಲು ಬಂದಿರುತ್ತಿತ್ತು.

ಮಲೆಯಾಳದ ಮಹಾ ನಿಘಂಟನ್ನು ರಚಿಸಿದ ಹೆರ್ಮನ್ ಗುಂಡರ್ಟ್ ಅಯ್ಯನವರ ಮಗಳು ಮರೀ ಎಂಬವಳು 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದಳು. ಅವಳಿನ್ನೂ ಎಳೆಯ ಕೂಸಾಗಿದ್ದಾಗ ತಂದೆತಾಯಿಗಳು ಅವಳನ್ನು ಯೂರೋಪಿನಲ್ಲಿ ಬಿಟ್ಟು ತಿರಿಗಿ ಬಂದರು. ಆಕೆ ಹಿಂದೂದೇಶಕ್ಕೆ ಮರಳಿದ್ದು 1857ರಲ್ಲಿ, ಹದಿನೈದು ವರುಷದ ಹುಡುಗಿಯಾಗಿ. ಆಕೆಯ ತಾಯಿಯಾದ ಯೂಲೀ ಅಮ್ಮನವರು ತಲಶ್ಶೇರಿಯಲ್ಲಿ ಹೆಣ್ಣುಮಕ್ಕಳ ಬೋರ್ಡಿಂಗ್ ಶಾಲೆಯನ್ನು ನಡಿಸಿದವರು. ಇದನ್ನು ಸ್ವಲ್ಪ ನಿಂತು ಆಲೋಚಿಸಿರಿ. ಪರರ ಮಕ್ಕಳ ತಲೆ ಬಾಚಿ, ಅವರಿಗೆ ಊಟಕ್ಕಿಟ್ಟು, ಜ್ವರ ಬಂದರೆ ಪಕ್ಕದಲ್ಲಿ ಕೂತು ರಾತ್ರಿ ಕಳೆದ ತಾಯಿಯ ಮಗಳು, ಸಮುದ್ರದಾಚೆಯಲ್ಲಿ ಪರರ ಕೈಯಿಂದ ತಲೆ ಬಾಚಿಸಿಕೊಳ್ಳುತ್ತಿದ್ದಳು.

ಅವರನ್ನು ಕಲ್ಲುಹೃದಯದವರೆಂದು ಹೇಳುವದು ಸುಲಭ, ಆದರೆ ಅದು ಸುಳ್ಳು. ಆಗ ಚಳಿಜ್ವರಕ್ಕೆ ಕಾರಣವೇನೆಂಬದು ಯಾರಿಗೂ ತಿಳಿದಿರಲಿಲ್ಲ. ಕೆಟ್ಟ ಗಾಳಿಯಿಂದ ಬರುವದೆಂದು ನಂಬಿದ್ದರು. ಸೊಳ್ಳೆಯೇ ಅದರ ವಾಹನವೆಂಬದಕ್ಕೆ ಮೊದಲನೆಯ ಸಾಕ್ಷಿಯನ್ನು ರೊನಾಲ್ಡ್ ರಾಸ್ ಎಂಬ ಡಾಕ್ಟರು 1897ರಲ್ಲಿ ಕಂಡದ್ದು ನಮ್ಮ ವಾಡಿಯಿಂದ ನೇರವಾಗಿ ರೈಲು ಹೋಗುವ ಸಿಕಂದರಾಬಾದಿನಲ್ಲಿಯೇ. ಅದಕ್ಕೆ ಮುಂಚೆ ಮಿಶನರಿಗಳ ಸ್ಮಶಾನಗಳಲ್ಲಿ ಚಿಕ್ಕ ಸಮಾಧಿಗಳು ಬಹಳ. ಗೋರಿಯೋ ಹಡಗೋ ಎಂದು ಆರಿಸಬೇಕಾದ ತಾಯಿ ಹಡಗನ್ನು ಆರಿಸಿದರೆ ಅವಳ ಮೇಲೆ ಕಲ್ಲೆಸೆಯುವವರು ಯಾರು? ಆದರೆ ಭಯವೊಂದೇ ಕಾರಣವಾಗಿರಲಿಲ್ಲ. ಮಕ್ಕಳು ಇಲ್ಲಿನವರ ನಡುವೆ ಬೆಳೆದರೆ ಇಲ್ಲಿನ ರೀತಿಯನ್ನು ಕಲಿತಾರೆಂಬ ಅಂಜಿಕೆಯೂ ಅದರಲ್ಲಿ ಬೆರೆತಿತ್ತು. ಯಾರಿಗೋಸ್ಕರ ಪ್ರಾಣ ಕೊಡಲು ಬಂದರೋ ಅವರ ಮಕ್ಕಳೊಡನೆ ತಮ್ಮ ಮಕ್ಕಳು ಬೆಳೆಯಬಾರದೆಂದು ಎಣಿಸಿದ್ದು ನ್ಯಾಯವಾಗಿತ್ತೆಂದು ನಾನು ಹೇಳಲಾರೆನು. ಸಗಣಿಯ ನೆಲವನ್ನು ಮೆಚ್ಚಿದ ಮೊಫಟ್ ಅಮ್ಮನವರ ನೆನಪು ನನಗೆ ಇಲ್ಲಿ ಬರುತ್ತದೆ.

ಈಗ ಮುದುಕಿಯ ಪ್ರಶ್ನೆಗೆ ಬರೋಣ. ಆನಂದರಾವ್ ಕೌಂಡಿನ್ಯರು 1844ರಲ್ಲಿ ಮಂಗಳೂರಿನಲ್ಲಿ ದೀಕ್ಷಾಸ್ನಾನ ಹೊಂದಿ ಬಂಧುಬಳಗವನ್ನು ಕಳಕೊಂಡರು. ಅದು ಅವರು ತಾವೇ ಆರಿಸಿಕೊಂಡ ನಷ್ಟ. ನಮ್ಮ ಹಿರಿಯರಲ್ಲಿಯೂ ಎಷ್ಟೋ ಜನರು ಊರ ಬಾವಿಯನ್ನೂ ಅಣ್ಣತಮ್ಮಂದಿರ ಪಂಕ್ತಿಯನ್ನೂ ಹೀಗೆಯೇ ಬಿಟ್ಟವರು. ತನ್ನದನ್ನು ತಾನು ಕೊಟ್ಟವನ ಕಾಣಿಕೆಯ ಮೇಲೆ ಸಂಶಯವಿಲ್ಲ. ಆದರೆ ಕೂಸಿನ ಬಾಲ್ಯವು ಯಾರದು? ತಂದೆಯದೋ? ಕಮಿಟಿಯದೋ? ಮಕ್ಕಳನ್ನು ತನಗಿಂತ ಹೆಚ್ಚಾಗಿ ಪ್ರೀತಿಸುವವನು ತನಗೆ ಯೋಗ್ಯನಲ್ಲವೆಂಬ ಕರ್ತನ ಮಾತನ್ನು ಇಲ್ಲಿ ಎತ್ತಿ ಹೇಳುವವರುಂಟು. ಅದೇ ಪುಸ್ತಕದಲ್ಲಿ ಸ್ವಂತ ಮನೆಯವರನ್ನು ನೋಡಿಕೊಳ್ಳದವನು ನಂಬಿಕೆಯನ್ನೇ ಅಲ್ಲಗಳೆದವನೆಂಬ ಅಪೊಸ್ತಲನ ಮಾತೂ ಇದೆ. ಎರಡನ್ನೂ ಒಟ್ಟಿಗೆ ಹಿಡಿಯುವದು ಕಷ್ಟ. ಒಂದನ್ನು ಬಿಟ್ಟರೆ ಸುಲಭ. ಆದದರಿಂದಲೇ ಒಂದನ್ನು ಬಿಡುತ್ತೇವೆ.

ಹನ್ನಳ ಸಂಗತಿಯನ್ನು ನೋಡಿರಿ. ಆಕೆ ಸಮುವೇಲನನ್ನು ಹಾಲು ಬಿಡಿಸಿದ ಕೂಡಲೆ ಆಲಯದಲ್ಲಿ ಬಿಟ್ಟಳು. ಅಲ್ಲಿಗೇ ಕಥೆ ಮುಗಿಯಿತೆಂದು ನಾವು ಪ್ರಸಂಗ ಮುಗಿಸುತ್ತೇವೆ. ಸತ್ಯವೇದವು ಮುಗಿಸುವದಿಲ್ಲ, ಆಕೆ ಪ್ರತಿವರುಷವೂ ಒಂದು ಚಿಕ್ಕ ನಿಲುವಂಗಿಯನ್ನು ಹೊಲಿದು ಅವನಿಗೆ ತಂದುಕೊಟ್ಟಳೆಂದು ಹೇಳುತ್ತದೆ. ಹುಡುಗನು ಎಷ್ಟು ಬೆಳೆದಿದ್ದಾನೆಂದು ಮನಸ್ಸಿನಲ್ಲಿಯೇ ಅಳತೆ ಮಾಡಿ ಹೊಲಿದ ಅಂಗಿ ಅದು. ದೇವರಿಗೆ ಕೊಟ್ಟ ಮಗನು ಆಕೆಯ ಮಗನಾಗಿಯೇ ಉಳಿದನು. ಇಸಾಕನೂ ಬೆಟ್ಟದ ದಾರಿಯಲ್ಲಿ ಸುಮ್ಮನೆ ನಡೆಯಲಿಲ್ಲ, ಕುರಿ ಎಲ್ಲಿ ಎಂದು ತಂದೆಯನ್ನು ಕೇಳಿದನು. ಆ ಪ್ರಶ್ನೆಗೆ ಸ್ಥಳ ಕೊಟ್ಟ ಪುಸ್ತಕವು ಮುದುಕಿಯ ಪ್ರಶ್ನೆಗೂ ಕೋಪಗೊಳ್ಳದು.

ನನ್ನ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಪರರ ಕಣ್ಣೀರನ್ನು ನಮ್ಮ ಹೆಸರಿನಲ್ಲಿ ಕಾಣಿಕೆಯ ತಟ್ಟೆಗೆ ಹಾಕಲಾಗದು. ಅಗಲುವದು ಅನಿವಾರ್ಯವಾಗಬಹುದು, ಆದರೆ ಅದಕ್ಕೆ ತ್ಯಾಗವೆಂಬ ಹೆಸರಿಟ್ಟು ದೊಡ್ಡವರು ಹೊಗಳಿಸಿಕೊಂಡರೆ, ಕೂಸಿನ ಸಾಲವು ತೀರದೆ ಉಳಿಯುತ್ತದೆ. ಆ ಸಾಲವು ನಮ್ಮದೆಂದು ಒಪ್ಪಿಕೊಳ್ಳುವದು ಮೊದಲನೆಯ ಕೆಲಸ.

ಇದು ಬಿಳಿಯರ ಮಾತು, ನಮಗೇಕೆ ಎನ್ನಬೇಡಿರಿ. ಶಹಾಬಾದಿನ ಕಲ್ಲಿನ ಗಣಿಗಳಲ್ಲಿಯೂ ವಾಡಿಯ ಸಿಮೆಂಟಿನ ಕಾರಖಾನೆಗಳಲ್ಲಿಯೂ ಎಲ್ಲರಿಗೂ ಕೂಲಿ ಸಿಕ್ಕುವದಿಲ್ಲ. ಮಳೆ ಕೈಕೊಟ್ಟ ವರುಷ ಚಿತ್ತಾಪುರ, ಸೇಡಂ, ಚಿಂಚೋಳಿಯ ಹಳ್ಳಿಗಳಿಂದ ಪುಣೆಗೂ ಮುಂಬಯಿಗೂ ಗುಳೆ ಹೋಗುತ್ತಾರೆ. ಮಕ್ಕಳು ಮುದುಕರ ಕೈಯಲ್ಲಿ ಉಳಿಯುತ್ತಾರೆ. ನಮ್ಮ ಉಪದೇಶಿಗಳೂ ಊರಿಂದೂರಿಗೆ ವರ್ಗವಾಗುತ್ತಾ ಮಕ್ಕಳನ್ನು ಹಾಸ್ಟೆಲಿನಲ್ಲಿ ಬಿಡುತ್ತಾರೆ. ಹೊಟ್ಟೆಗಾಗಿ ಹೋದವರನ್ನು ನಾನು ದೂರುವದಿಲ್ಲ. ಹೋಗುವ ಮುಂಚೆ ಕೂಸಿಗೆ ನಿಜವನ್ನು ಹೇಳಿದಿರೋ, ಅಥವಾ ಮಲಗಿದ್ದಾಗ ಕದ್ದು ಹೋದಿರೋ ಎಂದು ಮಾತ್ರ ಕೇಳುತ್ತೇನೆ. ಬರುವ ದಿನವನ್ನು ಹೇಳಿ ಅದನ್ನು ತಪ್ಪಿಸಿದಿರೋ? ಹನ್ನಳ ಅಂಗಿಯ ಅಳತೆಯು ನಿಮ್ಮ ಮನಸ್ಸಿನಲ್ಲಿ ಇದೆಯೋ?

ಆ ಕೂಟವಾದ ಕೆಲವು ವಾರಗಳ ಮೇಲೆ ನಾನು ಮುದುಕಿಯ ಮನೆಗೆ ಹೋದೆನು. ಅವಳ ಮಗನೂ ಸೊಸೆಯೂ ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದರು. ಯುಗಾದಿಗೆ ಬರುವೆವೆಂದು ಮಗಳಿಗೆ ಹೇಳಿ ಹೋಗಿದ್ದರು. ಅಜ್ಜಿಯು ಒಲೆಯ ಬಳಿಯ ಗೋಡೆಯ ಮೇಲೆ ವಾರಕ್ಕೊಂದು ಇದ್ದಲಿನ ಗೀರನ್ನು ಎಳೆದಿದ್ದಳು. ಹುಡುಗಿಯು ನನಗೆ ಅವುಗಳನ್ನು ಎಣಿಸಿ ತೋರಿಸಿ, ಇನ್ನು ಮೂರು ಉಳಿದವೆಂದಳು. ಅಷ್ಟರಲ್ಲಿ ಮೊಬೈಲು ಬಾರಿಸಿತು. ಅಜ್ಜಿಯು ಅದನ್ನು ಮೊಮ್ಮಗಳ ಕಿವಿಗೆ ಹಿಡಿದಳು. ತಾಯಿಯು ಆಚೆಯಿಂದ ಉಂಡೆಯಾ, ಸಾಲಿಗೆ ಹೋದೆಯಾ ಎಂದು ಕೇಳುತ್ತಲೇ ಇದ್ದಳು. ಹುಡುಗಿಯು ಏನೂ ಮಾತಾಡದೆ, ಗೋಡೆಯ ಕಡೆಗೆ ಬೊಟ್ಟು ಮಾಡಿ ತೋರಿಸುತ್ತಾ ನಿಂತಳು. ಅದು ತಾಯಿಗೆ ಕಾಣಿಸದೆಂಬದು ಅವಳಿಗೆ ತಿಳಿದಿರಲಿಲ್ಲ.