ಕಂಥಕನ ಹಗ್ಗ ಯಾರ ಕೈಗೆ?

 

ಇಂದಿನ ಧಮ್ಮ ಚಿಂತನೆ: ಸಮ್ಮಾ ಆಜೀವ

ಕಳೆದ ಭಾನುವಾರ ಅಧ್ಯಯನ ಮುಗಿದ ಮೇಲೆ ನಮ್ಮ ಬಳಗದ ಒಬ್ಬ ಅಣ್ಣ ಒಂದು ಪ್ರಶ್ನೆ ಕೇಳಿದರು. ಅವರದು ಟಾಂಗಾ ಹೊಡೆಯುವ ಮನೆತನ. ತಂದೆ ಟಾಂಗಾ ಹೊಡೆದೇ ಮಕ್ಕಳನ್ನು ಓದಿಸಿದರು. ಈಗ ಆಟೋಗಳ ನಡುವೆ ಬಾಡಿಗೆ ಸಿಗುವುದಿಲ್ಲ, ಅಣ್ಣನ ಮೊಣಕಾಲೂ ಹೋಗಿದೆ. ಮನೆಯಲ್ಲಿ 11 ವರ್ಷದ ಹೆಣ್ಣು ಕುದುರೆ ಇದೆ, ಮರಿಯಿದ್ದಾಗಿನಿಂದ ಸಾಕಿದ್ದು. "ಮಾರದೆ ಗತಿ ಇಲ್ಲ ಸರ್. ಆದ್ರ ಜೀವದ ವ್ಯಾಪಾರ ಉಪಾಸಕಗ ಸಲ್ಲೂದಿಲ್ಲ ಅಂತ ನೀವಽ ಓದಿ ಹೇಳೀರಿ. ಈಗ ನಾ ಏನ್ ಮಾಡ್ಲಿ?" ಎಂದರು. ಒಬ್ಬಿಬ್ಬರು ನಕ್ಕರು. ನಗುವ ಮಾತಲ್ಲ ಅದು.

ಅಣ್ಣ ಹೇಳಿದ ಸುತ್ತ ಅಂಗುತ್ತರ ನಿಕಾಯದ ಪಂಚಕ ನಿಪಾತದಲ್ಲಿದೆ. ಶಸ್ತ್ರ, ಜೀವಿಗಳು, ಮಾಂಸ, ಮದ್ಯ, ವಿಷ ಈ ಐದರ ವ್ಯಾಪಾರವನ್ನು ಉಪಾಸಕ ಮಾಡಬಾರದು ಎಂದು ಭಗವಾನರು ಹೇಳಿದ್ದಾರೆ. ಎರಡನೆಯದಾದ ಜೀವಿಗಳ ವ್ಯಾಪಾರ ಎಂದರೆ ಮನುಷ್ಯರನ್ನು ಮಾರುವುದು ಎಂದು ಹಳೆಯ ಅಟ್ಠಕಥೆ ಅರ್ಥ ಬಿಡಿಸುತ್ತದೆ. ನಮ್ಮ ಜನರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ಹಿರಿಯರನ್ನು ಜೀತಕ್ಕೆ ಇಟ್ಟಾಗ ಆ ಗೌಡನ ಮನೆ ಹೇಗಿದೆ, ಹೊಟ್ಟೆಗೆ ಏನು ಹಾಕುತ್ತಾನೆ, ಹೊಡೆಯುತ್ತಾನೋ ಎಂದು ಯಾರೂ ವಿಚಾರಿಸಲಿಲ್ಲ. ಸಾಲದ ಲೆಕ್ಕ ಕೂಡಿದರೆ ಮುಗಿಯಿತು. ಜೀತ ಪದ್ಧತಿ ರದ್ದತಿ ಕಾಯ್ದೆ ಬಂದದ್ದು 1976ರಲ್ಲಿ. ಅಂದರೆ ಇದು ಅಜ್ಜನ ಕಾಲದ ಮಾತಷ್ಟೇ ಅಲ್ಲ, ಅಪ್ಪನ ಕಾಲದ್ದೂ ಹೌದು.

ಇನ್ನು ಕುದುರೆಯ ವಿಷಯ. ಕೊಂಡು ಮಾರಿ ಲಾಭ ತಿನ್ನುವುದು ವ್ಯಾಪಾರ. ಸಾಕಲಾರದ ಸ್ಥಿತಿಯಲ್ಲಿ ಸಾಕಿದ ಕುದುರೆಯನ್ನು ಇನ್ನೊಬ್ಬರ ಕೈಗೆ ಒಪ್ಪಿಸುವುದು ಆ ವ್ಯಾಪಾರವಲ್ಲ ಎಂದು ನಾನು ತಿಳಿಯುತ್ತೇನೆ. ಆದರೆ ಹಣ ಎಣಿಸಿಕೊಂಡು ಹಿಂತಿರುಗಿ ನೋಡದೆ ಬಂದರೆ ಅದೂ ವ್ಯಾಪಾರವೇ ಆಗಿಬಿಡುತ್ತದೆ.

ಸಿದ್ಧಾರ್ಥನೂ ಒಂದು ಕುದುರೆಯನ್ನು ಬಿಟ್ಟುಕೊಟ್ಟವನು. ರೋಹಿಣಿ ನದಿಯ ನೀರಿನ ಜಗಳದಿಂದ ಅವನು ಮನೆ ಬಿಡಬೇಕಾಗಿ ಬಂದದ್ದನ್ನು ಬಾಬಾಸಾಹೇಬರ 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ ನಾವು ಓದಿದ್ದೇವೆ. ಅನೋಮಾ ನದಿಯ ದಡದವರೆಗೆ ಛನ್ನನೂ ಕಂಥಕನೂ ಜೊತೆಗೆ ಬಂದರು. ಅಲ್ಲಿ ಕಂಥಕ ಅವನ ಕಾಲು ನೆಕ್ಕಿ ಕಣ್ಣೀರು ಹಾಕಿತು. ಸಿದ್ಧಾರ್ಥ ಅದರ ಮೈ ಸವರಿ, ಗೆಳೆಯನಿಗೆ ಹೇಳುವಂತೆ ಸಮಾಧಾನ ಹೇಳಿದ. ಈ ಭಾಗವನ್ನು ನಾವು ಸಾಮಾನ್ಯವಾಗಿ ತ್ಯಾಗದ ಕಥೆ ಎಂದು ಓದಿ ಮುಂದೆ ಹೋಗುತ್ತೇವೆ. ಸ್ವಲ್ಪ ನಿಂತು ನೋಡಿ. ಎಲ್ಲವನ್ನೂ ಬಿಟ್ಟು ಹೊರಟವನು ಅವನು. ಕುದುರೆಯನ್ನು ನದಿಯ ದಡದಲ್ಲಿ ಬಿಟ್ಟು 'ಎಲ್ಲಾದರೂ ಮೇಯ್ದುಕೊಳ್ಳಲಿ' ಎನ್ನಬಹುದಿತ್ತು. ಹಾದಿಯಲ್ಲಿ ಹೋಗುವ ಯಾರಿಗಾದರೂ ದಾನ ಕೊಟ್ಟು ಹೆಸರು ಪಡೆಯಬಹುದಿತ್ತು. ಎರಡನ್ನೂ ಮಾಡಲಿಲ್ಲ. ಕಂಥಕನ ಹಗ್ಗವನ್ನು ಅದು ಬಲ್ಲ ಛನ್ನನ ಕೈಗೇ ಕೊಟ್ಟು, ಅದರ ಹಳೆಯ ಲಾಯಕ್ಕೇ ಕಳಿಸಿದ.

ಅಷ್ಟಾದರೂ ಕಂಥಕನಿಗೆ ದುಃಖ ತಪ್ಪಲಿಲ್ಲ. ಒಂದು ರಾತ್ರಿಯಲ್ಲಿ ಬಂದ ಹಾದಿಯನ್ನು ಹಿಂತಿರುಗಿ ಹೋಗಲು ಎಂಟು ದಿನ ಹಿಡಿಯಿತು, ಮೇವು ನೀರು ಬಿಟ್ಟು ಸಿದ್ಧಾರ್ಥ ಹೋದ ದಿಕ್ಕಿಗೆ ತಿರುಗಿ ತಿರುಗಿ ಕೆನೆಯಿತು ಎಂದು ಅಶ್ವಘೋಷ 'ಬುದ್ಧಚರಿತ'ದಲ್ಲಿ ಬರೆದಿದ್ದಾನೆ. ಕಂಥಕ ಸತ್ತು ದೇವಲೋಕದಲ್ಲಿ ಹುಟ್ಟಿತು ಎಂಬ ಕಥೆಯೂ ಬೇರೆ ಕಡೆ ಇದೆ, ಅದು ನಮಗೆ ಬೇಡ. ಪ್ರಾಣಿಗೂ ಅಗಲಿಕೆ ತಿಳಿಯುತ್ತದೆ ಎಂಬುದು ಸಾಕು. ಟಾಂಗಾ ಹೊಡೆದವರಿಗೆ ಇದನ್ನು ಗ್ರಂಥ ಹೇಳಿಕೊಡಬೇಕಿಲ್ಲ.

1956ರಲ್ಲಿ ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ 13ನೆಯದು ಎಲ್ಲ ಜೀವಿಗಳ ಮೇಲೆ ದಯೆ ಇಟ್ಟು ಅವುಗಳನ್ನು ಕಾಪಾಡುವುದು, 15ನೆಯದು ಸುಳ್ಳು ಹೇಳದಿರುವುದು. ಕುದುರೆ ಮಾರುವಾಗ ಎರಡೂ ಒಟ್ಟಿಗೇ ಪರೀಕ್ಷೆಗೆ ಬರುತ್ತವೆ. ಕುದುರೆ ಸಂತೆಯಲ್ಲಿ ಸುಳ್ಳಿಲ್ಲದೆ ಮಾತೇ ಹೊರಡುವುದಿಲ್ಲ. ದಲ್ಲಾಳಿ ಟವೆಲ್ ಕೆಳಗೆ ಬೆರಳು ಹಿಡಿದು ದರ ಮಾಡುತ್ತಾನೆ, ಕುಂಟುವ ಕಾಲನ್ನು 'ನಿನ್ನೆ ಕಲ್ಲು ತಾಗಿತ್ತು' ಎನ್ನುತ್ತಾನೆ, 11 ವರ್ಷದ ಹಲ್ಲು ತೋರಿಸಿ 7 ಎನ್ನುತ್ತಾನೆ. ನಾವು ನಿಜ ಹೇಳಿದರೆ ಬೆಲೆ ಇಳಿಯುತ್ತದೆ, ನಿಜ. ಆದರೆ ಮುಚ್ಚಿಟ್ಟ ಕುಂಟು ಒಂದು ವಾರದಲ್ಲಿ ಹೊರಬರುತ್ತದೆ. ಆಗ ಮೋಸ ಹೋದವನ ಸಿಟ್ಟಿಗೆ ಸಿಗುವುದು ನಾವಲ್ಲ, ಕುದುರೆ. ಸುಳ್ಳು ನಮ್ಮದು, ಚಾಟಿಯ ಏಟು ಅದರದು.

ಸುಳಿಯ ವಿಷಯವೂ ಹಾಗೆಯೇ. ಹಣೆಯ ಸುಳಿ, ಎದೆಯ ಸುಳಿ ನೋಡಿ ಶುಭ ಅಶುಭ ಎನ್ನುತ್ತಾರೆ. ಅಶುಭ ಸುಳಿಯ ಕುದುರೆ ಎಷ್ಟೇ ಗಟ್ಟಿಯಿದ್ದರೂ ಬೆಲೆ ಕಳೆದುಕೊಂಡು, ಕೊನೆಗೆ ಕಡಿಮೆ ದರಕ್ಕೆ ಎಂಥವನ ಕೈಗೋ ಬೀಳುತ್ತದೆ. ಹುಟ್ಟಿದಾಗ ಬಂದ ಗುರುತಿನಿಂದ ಯೋಗ್ಯತೆ ಅಳೆಯುವುದು ಏನು ಎಂದು ನಮಗಿಂತ ಚೆನ್ನಾಗಿ ಬಲ್ಲವರು ಯಾರು? ಸುಳಿ ಕೇಳುವವನಿಗೆ ನಡಿಗೆ ನೋಡು, ಗೊರಸು ನೋಡು, ಉಸಿರು ನೋಡು ಎನ್ನಿ. ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಗ್ಲಾಂಡರ್ಸ್ ರಕ್ತ ಪರೀಕ್ಷೆ ಮಾಡಿಸಿ ಆ ಚೀಟಿಯನ್ನೇ ಕೈಗೆ ಕೊಡಿ. ಆ ರೋಗ ಮನುಷ್ಯರಿಗೂ ಹರಡುತ್ತದೆ.

ಅಣ್ಣನ ಬಳಿ ಮೂವರು ಬಂದಿದ್ದಾರಂತೆ. ಹೆಚ್ಚು ಹಣ ಹೇಳಿದವನು ಇಟ್ಟಿಗೆ ಭಟ್ಟಿಯವನು. ಇನ್ನೊಬ್ಬ ಮದುವೆ ಮೆರವಣಿಗೆಗೆ ಕುದುರೆ ಕೊಡುವವನು. ಮೂರನೆಯವರು ಹೊಲದ ಮನೆಯಲ್ಲಿ ಎರಡು ಕುದುರೆ ಸಾಕಿರುವ ಸಣ್ಣ ರೈತರು, ಹೇಳಿದ ಬೆಲೆ ಎಲ್ಲಕ್ಕಿಂತ ಕಡಿಮೆ. ಯಾರಿಗೆ ಕೊಡಬೇಕೆಂದು ನಾನು ಇಲ್ಲಿ ಕೂತು ತೀರ್ಪು ಕೊಡುವುದಿಲ್ಲ. ಭಟ್ಟಿಯವರೆಲ್ಲ ಕ್ರೂರಿಗಳೂ ಅಲ್ಲ, ರೈತರೆಲ್ಲ ದಯಾಳುಗಳೂ ಅಲ್ಲ. ಕೇಳಬೇಕಾದ ಪ್ರಶ್ನೆ ಒಂದಿದೆ.

ಕೇಸಿ ಎಂಬ ಕುದುರೆ ಪಳಗಿಸುವವನು ಭಗವಾನರ ಬಳಿ ಬಂದಾಗ ಅವರು ಅವನ ಕಸುಬಿನ ಬಗ್ಗೆಯೇ ವಿಚಾರಿಸಿದರು, ಕುದುರೆಯನ್ನು ಹೇಗೆ ಪಳಗಿಸುತ್ತೀ ಎಂದು. ಮೆತ್ತಗೆ, ಬಿರುಸಾಗಿ, ಎರಡನ್ನೂ ಸೇರಿಸಿ ಎಂದ ಕೇಸಿ. ಇವು ಯಾವುದಕ್ಕೂ ಬಗ್ಗದಿದ್ದರೆ? ಆಗ ಕೊಲ್ಲುತ್ತೇನೆ ಎಂದ. ಮೊದಲ ಪ್ರಶ್ನೆಗೆ ಎಲ್ಲರೂ ಚೆಂದದ ಉತ್ತರ ಕೊಡುತ್ತಾರೆ. ಮನುಷ್ಯ ಎಂಥವನು ಎಂದು ತಿಳಿಯುವುದು ಎರಡನೆಯದರಲ್ಲಿ. ಕೊಳ್ಳುವವನನ್ನೂ ಹಾಗೆಯೇ ಕೇಳಿ. ಕುದುರೆ ಮಾತು ಕೇಳದ ದಿನ ಏನು ಮಾಡುತ್ತೀರಿ? ಕಾಲು ಕೆಟ್ಟ ದಿನ? ಮಳೆಗಾಲದಲ್ಲಿ ಭಟ್ಟಿ ನಿಂತಾಗ, ಮದುವೆ ಸೀಸನ್ ಮುಗಿದಾಗ ಮೇವು ಹಾಕುತ್ತೀರೋ, ಬೀದಿಗೆ ಬಿಡುತ್ತೀರೋ? ಕುದುರೆ 25 ವರ್ಷದವರೆಗೂ ಬದುಕಬಲ್ಲದು. 11 ಎಂದರೆ ಅರ್ಧ ಆಯಸ್ಸೂ ಆಗಿಲ್ಲ. ಹಸಿವು ನೀರಡಿಕೆಯಿಂದ ನರಳುವಂತೆ ಪ್ರಾಣಿಯನ್ನು ಬೀದಿಪಾಲು ಮಾಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ, ಅದನ್ನೂ ಅವರ ಕಿವಿಗೆ ಹಾಕಿ.

ಮೆರವಣಿಗೆ ಕುದುರೆಯವನಿಗೆ ಇನ್ನೊಂದು ಮಾತು ಹೆಚ್ಚಿಗೆ ಕೇಳಬೇಕು. ನಮ್ಮ ಕೇರಿಯ ಮದುಮಗನಿಗೂ ಕುದುರೆ ಕೊಡುತ್ತೀಯಾ? ಮದುಮಗ ಕುದುರೆ ಏರಿದ್ದಕ್ಕೆ ಕಲ್ಲು ತೂರಿದ ಸುದ್ದಿಗಳನ್ನು ನಾವು ಪ್ರತಿ ವರ್ಷ ಓದುತ್ತೇವೆ. 2018ರಲ್ಲಿ ಗುಜರಾತಿನ ಭಾವನಗರ ಜಿಲ್ಲೆಯಲ್ಲಿ ಸ್ವಂತ ಕುದುರೆ ಸಾಕಿ ಸವಾರಿ ಮಾಡುತ್ತಿದ್ದ ದಲಿತ ಯುವಕನ ಕೊಲೆಯಾಯಿತು. ಕುದುರೆ ಏರಿದ್ದಕ್ಕೇ ಕೊಂದರು ಎಂದು ಮನೆಯವರು ದೂರಿದರು. ನಮ್ಮ ಲಾಯದಲ್ಲಿ ಬೆಳೆದ ಕುದುರೆ ನಮ್ಮವರ ಬಾಗಿಲಿಗೆ ಬಾರದಂತಾದರೆ ಆ ಮನೆ ಒಳ್ಳೆಯದೆಂದು ನಾನು ಒಪ್ಪಲಾರೆ.

ನಮ್ಮ ಚಿತ್ರದುರ್ಗದ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕ ತಂದೆತಾಯಿಯ ಸೇವೆ, ಪ್ರಾಣಿಗಳ ಮೇಲಿನ ದಯೆ, ಸತ್ಯ ನುಡಿಯುವುದು ಈ ಮೂರನ್ನೂ ಜೊತೆಯಾಗಿ ಬರೆಸಿದ್ದಾನೆ. ಅವನ ಐದನೆಯ ಸ್ತಂಭ ಶಾಸನದಲ್ಲಿ ಇಂತಿಂಥ ದಿನಗಳಂದು ಕುದುರೆ ಎತ್ತುಗಳಿಗೆ ಬರೆ ಹಾಕಬಾರದು ಎಂದು ದಿನವನ್ನೂ ಗೊತ್ತುಮಾಡಿ ಹೇಳಿದೆ. ದಯೆ ಎಂದು ಬಾಯಲ್ಲಿ ಹೇಳಿ ಬಿಡಲಿಲ್ಲ ಅವನು, ಯಾವತ್ತು ಏನು ಎಂದು ಲೆಕ್ಕ ಇಟ್ಟ.

ನಾವೂ ಲೆಕ್ಕ ಇಡೋಣ. ಕೊಡುವ ಮೊದಲು ಹೇಳದೆ ಕೇಳದೆ ಒಮ್ಮೆ ಅವರ ಲಾಯಕ್ಕೆ ಹೋಗಿ ಬನ್ನಿ. ಈಗಿರುವ ಕುದುರೆಗಳ ಪಕ್ಕೆಲುಬು, ಬೆನ್ನಿನ ಗಾಯ, ನೀರಿನ ತೊಟ್ಟಿ ನೋಡಿ. ಮನುಷ್ಯ ಹತ್ತಿರ ಬಂದರೆ ಅವು ಕಿವಿ ಮುಂದೆ ಮಾಡುತ್ತವೋ, ತಲೆ ತಪ್ಪಿಸುತ್ತವೋ ನೋಡಿ. ಮುಂದೆ ಸಾಕಲಾಗದಿದ್ದರೆ ಮೊದಲು ನಮಗೇ ತಿಳಿಸಬೇಕು ಎಂದು ಚೀಟಿಯಲ್ಲಿ ಬರೆಸಿ, ಇಬ್ಬರ ಸಹಿ ಹಾಕಿಸಿ. ಬೆಲೆ ಕಡಿಮೆ ಸಿಕ್ಕಿ ಮನೆಗೆ ತೊಂದರೆಯಾದರೆ ಭಾನುವಾರ ಬಳಗದಲ್ಲಿ ಹೇಳಲು ಸಂಕೋಚ ಬೇಡ, ಕೈಲಾದಷ್ಟು ಕೂಡಿಸೋಣ. ಮೇವು ಒಮ್ಮೆಗೇ ಬದಲಾದರೆ ಕುದುರೆಗೆ ಹೊಟ್ಟೆ ಶೂಲೆ ಬರುತ್ತದೆ. ಒಂದು ವಾರಕ್ಕಾಗುವಷ್ಟು ನಿಮ್ಮ ಮನೆಯ ಹುರುಳಿ, ಕಣಕಿ ಜೊತೆಗೆ ಕಳಿಸಿ. ಹಳೆಯ ಹಗ್ಗ ಬಿಚ್ಚಿಟ್ಟುಕೊಳ್ಳಬೇಡಿ, ಅದರ ವಾಸನೆ ಕುದುರೆಗೆ ಗೊತ್ತು. ಯಾವ ಹೆಸರಿಗೆ ತಿರುಗಿ ನೋಡುತ್ತದೆ ಎಂದು ಅವರಿಗೆ ಹೇಳಿಕೊಡಿ.

ಭವತು ಸಬ್ಬ ಮಂಗಲಂ. ಜೈಭೀಮ್.