ಹಳೆಯ ಕಾರಿಗೆ ಯಾವ ಬಣ್ಣ?

ಹಿರಿಯರು ಬಿಟ್ಟುಹೋದ ವಸ್ತುವೊಂದನ್ನು ಏನು ಮಾಡಬೇಕೆಂದು ತಿಳಿಯದೆ ಅಟ್ಟದ ಮೇಲೋ ಹಿತ್ತಿಲ ಮೂಲೆಯಲ್ಲೋ ಇಟ್ಟುಕೊಂಡಿರುವ ಮನೆಗಳು ನಮ್ಮಲ್ಲಿ ಅನೇಕ. ಅಜ್ಜಿಯ ಬೀಸುವ ಕಲ್ಲು, ನಿಂತುಹೋದ ಗೋಡೆ ಗಡಿಯಾರ, ತಂತಿ ಕಡಿದ ಪಿಟೀಲು. ಎಸೆಯಲು ಮನಸ್ಸು ಬಾರದು, ಬಳಸಲೂ ಆಗದು. ನನ್ನ ಸ್ನೇಹಿತರೊಬ್ಬರ ಮನೆಯಲ್ಲಿ ಆ ವಸ್ತು ಒಂದು ಮೋಟಾರು ಕಾರು.

ದೊಡ್ಡಬಳ್ಳಾಪುರದಿಂದ ನೆಲಮಂಗಲದ ಕಡೆಗೆ ಹೋಗುವಾಗ ಸಿಗುವ ಮಧುರೆಯನ್ನು ನಿಮ್ಮಲ್ಲಿ ಹಲವರು ಬಲ್ಲಿರಿ. ಶನಿವಾರಗಳಂದು ಶನಿಮಹಾತ್ಮನ ಗುಡಿಗೆ ಬರುವ ಜನಸಂದಣಿಯಿಂದ ಆ ಸೀಮೆ ಹೆಸರಾಗಿದೆ. ಅಲ್ಲಿಯ ಒಂದು ತೋಟದ ಕೊಟ್ಟಿಗೆಯಲ್ಲಿ, ಹುಲ್ಲಿನ ಹೊರೆಗಳ ಹಿಂದೆ, 1933ರ ಷೆವರ್ಲೆ ಕಾರೊಂದು ನಾಲ್ಕು ದಶಕಗಳಿಂದ ನಿಂತಿದೆ. ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯು 1928ರಲ್ಲಿ ಮುಂಬಯಿಯ ಶಿವಡಿಯಲ್ಲಿ ಕಾರುಗಳನ್ನು ಜೋಡಿಸುವ ಕಾರ್ಖಾನೆಯನ್ನು ತೆರೆದಿತ್ತು. ಅಲ್ಲಿಂದ ಹೊರಬಂದ ಆರು ಸಿಲಿಂಡರಿನ ಗಾಡಿಯಿದು. ಸ್ನೇಹಿತರ ಅಜ್ಜ ಅದನ್ನು 1947ರಲ್ಲಿ ಬೆಂಗಳೂರು ದಂಡಿನ ಹರಾಜೊಂದರಲ್ಲಿ ಕೊಂಡರಂತೆ. ಊರಿನ ಹಿರಿಯರ ಬಾಯಲ್ಲಿ ಅದು ಇಂದಿಗೂ ‘ಷೆವರ್ಲೆಟ್ಟು’.

ತಂದೆ ತೀರಿಕೊಂಡ ಬಳಿಕ ಕಾರು ಅಣ್ಣತಮ್ಮಂದಿರಿಬ್ಬರ ಪಾಲಿಗೆ ಬಂತು. ಅದರ ಜೊತೆಗೆ ಮನಸ್ತಾಪವೂ ಬಂತು. ಅಣ್ಣನಿಗೆ ಕಾರನ್ನು ಪೂರ್ತಿ ಬಿಚ್ಚಿಸಿ, ಹೊಸ ಬಣ್ಣ ಬಳಿಸಿ, ಹೊಸ ಚರ್ಮದ ಆಸನ ಹೊಲಿಸಿ, ಕಾರ್ಖಾನೆಯಿಂದ ಈಗಷ್ಟೇ ಹೊರಬಂದಂತೆ ಮಾಡಿಸುವ ಆಸೆ. ತಮ್ಮನದು ಒಂದೇ ಮಾತು: ಮುಟ್ಟಬೇಡಿ, ಅಜ್ಜ ಇಟ್ಟಂತೆಯೇ ಇರಲಿ. ಪೂರ್ತಿ ದುರಸ್ತಿಗೆ ತಗಲುವ ವೆಚ್ಚ ಒಂದು ಮದುವೆಯ ಖರ್ಚಿಗೆ ಸಮ. ತಮ್ಮನ ಮಗಳ ನರ್ಸಿಂಗ್ ಕಾಲೇಜಿನ ಶುಲ್ಕ ಕಟ್ಟುವ ದಿನವೂ ಹತ್ತಿರ ಬಂದಿತ್ತು. ಇಬ್ಬರ ಬಲ್ಲವನೆಂದು ನನ್ನನ್ನು ಕರೆಸಿದರು. ಯಂತ್ರದ ವಿಷಯದಲ್ಲಿ ನನ್ನ ಜ್ಞಾನ ಅಷ್ಟಕ್ಕಷ್ಟೆ ಎಂಬುದನ್ನು ಇಲ್ಲಿಯೇ ಒಪ್ಪಿಕೊಳ್ಳುತ್ತೇನೆ.

ಕಾರಿನ ಹಿಂಭಾಗದಲ್ಲಿ ಬೆಸುಗೆ ಹಾಕಿದ ಎರಡು ಕಬ್ಬಿಣದ ಕೊಂಡಿಗಳಿದ್ದವು. ಕಾರ್ಖಾನೆಯವರು ಮಾಡಿದ್ದಲ್ಲ, ಒರಟು ಕೆಲಸ. ಅಣ್ಣ ಕರೆತಂದಿದ್ದ ಮೇಸ್ತ್ರಿ, "ಇವನ್ನು ಕತ್ತರಿಸಿ, ತೂತು ಮುಚ್ಚಿ, ಟಿಂಕರಿಂಗ್ ಮಾಡಿದರೆ ಗುರುತೇ ಸಿಗುವುದಿಲ್ಲ" ಎಂದ. ಆ ಕೊಂಡಿಗಳ ಕಥೆ ಎರಡನೆಯ ಮಹಾಯುದ್ಧದ್ದು. ಆಗ ಪೆಟ್ರೋಲಿಗೆ ರೇಷನ್ ಬಂದು, ನಮ್ಮ ನಾಡಿನ ಬಸ್ಸು ಕಾರುಗಳು ಇದ್ದಿಲಿನ ಗ್ಯಾಸಿನಿಂದ ಓಡತೊಡಗಿದ್ದವು. ಗಾಡಿಯ ಹಿಂದೆ ಒಂದು ದೊಡ್ಡ ಉರುಳೆಯಂಥ ಒಲೆ. ಅದರಲ್ಲಿ ಇದ್ದಿಲನ್ನು ಸಾಕಷ್ಟು ಗಾಳಿ ಕೊಡದೆ ಉರಿಸಿದರೆ ಹುಟ್ಟುವ ಇಂಗಾಲದ ಮಾನಾಕ್ಸೈಡ್ ಅನಿಲವನ್ನು ಸೋಸಿ ಇಂಜಿನ್ನಿಗೆ ಹಾಯಿಸುತ್ತಿದ್ದರು. ಹೊರಡುವ ಮುನ್ನ ತಿದಿಯೊತ್ತಿದಂತೆ ಗಾಳಿ ಹಾಕಬೇಕು; ಏರಿನಲ್ಲಿ ಪ್ರಯಾಣಿಕರು ಇಳಿದು ತಳ್ಳಬೇಕು. ಈ ಕಾರಿನ ಹಿಂದಿನ ಒಡೆಯರು ಅಂಥ ಒಲೆಯನ್ನು ಹೊರಿಸಲು ಹಾಕಿಸಿದ ಕೊಂಡಿಗಳಿವು. ಯುದ್ಧ ಮುಗಿದು ಒಲೆ ಹೋಯಿತು, ಕೊಂಡಿಗಳು ಉಳಿದವು. ಅಜ್ಜ ಅವಕ್ಕೆ ರೇಷ್ಮೆಗೂಡಿನ ಚೀಲಗಳನ್ನು ಕಟ್ಟಿ ಮಾರುಕಟ್ಟೆಗೆ ಸಾಗಿಸಿದರು.

ಈಗ ಹೇಳಿ, ಈ ಕಾರಿನ ‘ಮೂಲ ರೂಪ’ ಯಾವುದು? ಶಿವಡಿಯಿಂದ ಹೊರಟ ದಿನದ್ದೇ, ಒಲೆ ಹೊತ್ತ ದಿನದ್ದೇ, ಗೂಡಿನ ಚೀಲ ಹೊತ್ತ ದಿನದ್ದೇ?

ಪ್ರಶ್ನೆ ಹಳೆಯದು. ನಮ್ಮ ಒಕ್ಕಲು ಮನೆಗಳಲ್ಲಿ ತಾತನ ನೇಗಿಲು ಎಂದು ತೋರಿಸುವುದುಂಟು. ಗುಳವನ್ನು ಅಪ್ಪ ಬದಲಿಸಿದ್ದಾನೆ, ಮೇಳಿಯನ್ನು ಮಗ ಬದಲಿಸಿದ್ದಾನೆ, ಈಸು ಮುರಿದು ಹೊಸದು ಬಂದಿದೆ. ಆದರೂ ಅದು ತಾತನ ನೇಗಿಲೇ. ಗ್ರೀಕರು ಇದನ್ನೇ ಥೀಸಿಯಸನ ಹಡಗಿನ ನೆಪದಲ್ಲಿ ಚರ್ಚಿಸಿದರೆಂದು ಪ್ಲೂಟಾರ್ಕ್ ಬರೆದಿದ್ದಾನೆ. 17ನೆಯ ಶತಮಾನದಲ್ಲಿ ಥಾಮಸ್ ಹಾಬ್ಸ್ ಅದಕ್ಕೊಂದು ತೊಡಕನ್ನು ಸೇರಿಸಿದ: ತೆಗೆದುಹಾಕಿದ ಹಲಗೆಗಳನ್ನೆಲ್ಲ ಒಬ್ಬ ಕೂಡಿಟ್ಟು ಇನ್ನೊಂದು ಹಡಗು ಕಟ್ಟಿದರೆ ನಿಜವಾದ ಹಡಗು ಯಾವುದು?

ಇದು ಬರಿಯ ತರ್ಕವೆಂದು ಭಾವಿಸಬೇಡಿ. 1990ರಲ್ಲಿ ಲಂಡನ್ನಿನ ನ್ಯಾಯಾಲಯವೊಂದು ಇದನ್ನೇ ತೀರ್ಮಾನಿಸಬೇಕಾಯಿತು. 1929 ಮತ್ತು 1930ರ ಲ ಮಾನ್ ಪಂದ್ಯಗಳನ್ನು ಗೆದ್ದ ‘ಓಲ್ಡ್ ನಂಬರ್ ಒನ್’ ಎಂಬ ಬೆಂಟ್ಲಿ ಕಾರನ್ನು ಒಂದು ಕೋಟಿ ಪೌಂಡಿಗೆ ಮಾರುವ ಒಪ್ಪಂದವಾಗಿತ್ತು. ಆ ಕಾರು 1932ರಲ್ಲಿ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಭೀಕರ ಅಪಘಾತಕ್ಕೀಡಾಗಿ ಚಾಲಕ ಮಡಿದಿದ್ದ. ಬಳಿಕ ಅದನ್ನು ಮತ್ತೆ ಕಟ್ಟಲಾಗಿತ್ತು. ಗೆದ್ದ ಕಾರಿನ ಭಾಗಗಳು ಇದರಲ್ಲಿ ಎಷ್ಟು ಉಳಿದಿವೆ ಎಂದು ಕೊಳ್ಳುವವರು ತಕರಾರು ತೆಗೆದರು. ನ್ಯಾಯಮೂರ್ತಿ ಆಟನ್ ಹೇಳಿದ್ದರ ತಾತ್ಪರ್ಯ ಇಷ್ಟು: ಮೊದಲ ಭಾಗಗಳು ಬಹಳ ಕಡಿಮೆ, ಆದ್ದರಿಂದ ಇದನ್ನು ಮೂಲ ಕಾರು ಎನ್ನಲಾಗದು; ಆದರೆ ನಡುವೆ ಎಲ್ಲಿಯೂ ಅದು ಇಲ್ಲವಾಗಲಿಲ್ಲ, ಬದಲಾಗುತ್ತಲೇ ಬದುಕಿ ಬಂದಿದೆ, ಆದ್ದರಿಂದ ಓಲ್ಡ್ ನಂಬರ್ ಒನ್ ಎಂಬ ಹೆಸರು ಇದಕ್ಕೇ ಸಲ್ಲುತ್ತದೆ. ನನಗೆ ಈ ತೀರ್ಪು ಬಹಳ ಹಿಡಿಸಿತು. ವಸ್ತುವಿನ ಸತ್ಯ ಅದರ ಮೊದಲ ದಿನದಲ್ಲಿ ಮಾತ್ರವಲ್ಲ, ಅದು ಬಾಳಿದ ಎಲ್ಲ ದಿನಗಳಲ್ಲಿಯೂ ಇದೆ ಎಂಬ ಅರ್ಥ ಅದರಲ್ಲಿದೆ.

ಹಾಗಿದ್ದಲ್ಲಿ ಆ ಕೊಂಡಿಗಳನ್ನು ಕತ್ತರಿಸುವುದು ದುರಸ್ತಿಯಲ್ಲ, ಒಂದು ಬಗೆಯ ಸುಳ್ಳು. ಯುದ್ಧವೇ ಆಗಲಿಲ್ಲ, ಅಜ್ಜ ಗೂಡು ಸಾಗಿಸಲೇ ಇಲ್ಲ ಎಂದು ಹೊಳೆಯುವ ಬಣ್ಣದಲ್ಲಿ ಬರೆದಂತೆ. ಹಳೆಯ ಕಟ್ಟಡಗಳ ಕುರಿತ 1964ರ ವೆನಿಸ್ ಸನ್ನದು ಎಲ್ಲ ಕಾಲದವರ ಸೇರ್ಪಡೆಗಳನ್ನೂ ಗೌರವಿಸಬೇಕೆನ್ನುತ್ತದೆ. ಹೊಸದಾಗಿ ಸೇರಿಸಿದ್ದು ಹೊಸದೆಂದು ತಿಳಿಯುವಂತಿರಬೇಕೆನ್ನುತ್ತದೆ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವು 2012ರಲ್ಲಿ ಅಂಗೀಕರಿಸಿದ ಟ್ಯೂರಿನ್ ಸನ್ನದು ಇದೇ ನೀತಿಯನ್ನು ಕಾರುಗಳಿಗೂ ಅನ್ವಯಿಸಿತು. ನಮ್ಮ ಗುಡಿ ಚರ್ಚುಗಳಲ್ಲಿ ಹಬ್ಬ ಬಂತೆಂದು ಹಳೆಯ ಮರದ ಪೀಠಕ್ಕೆ ಎನಾಮಲ್ ಬಣ್ಣ ಬಳಿಯುವವರು ಈ ಮಾತನ್ನು ಸ್ವಲ್ಪ ಕಿವಿಗೆ ಹಾಕಿಕೊಂಡರೆ ಒಳಿತು.

ಇಷ್ಟು ಹೇಳಿದೊಡನೆ ತಮ್ಮನ ಮುಖ ಅರಳಿತು. ಆತನಿಗೂ ನಾನು ನಿರಾಸೆ ಮಾಡಬೇಕಾಯಿತು. ಆತ ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯ ಉದಾಹರಣೆ ತೆಗೆದಿದ್ದ. ಹೇಮಾವತಿಯ ಹಿನ್ನೀರಿನಲ್ಲಿ ಮುಳುಗೇಳುವ ಆ ಪಾಳು ದೇವಾಲಯವನ್ನು ನೀವೂ ನೋಡಿರಬಹುದು. ಸೂರಿಲ್ಲದ ಆ ಗೋಡೆಗಳಿಗೆ ಗಾರೆ ಮೆತ್ತಬೇಕೆಂದು ಯಾರಿಗೂ ಅನಿಸದು, ನಿಜ. ಆದರೆ ಮಳೆಗಾಲದ ನೀರು ಅವನ್ನೂ ತಿನ್ನುತ್ತಿದೆ. ಈ ಕಾರಿನ ಮೈ ತಗಡಿನದಾದರೂ ಅದರೊಳಗಿನ ಚೌಕಟ್ಟು ಮರದ್ದು. ಆ ಕಾಲದ ಷೆವರ್ಲೆಗಳನ್ನು ಹಾಗೆಯೇ ಕಟ್ಟುತ್ತಿದ್ದರು. ಬಾಗಿಲು ತೆರೆದಾಗ ಕೆಳಗಿನ ಮರ ಹಿಟ್ಟಾಗಿ ಉದುರಿತು. ಗೆದ್ದಲು. ಮುಟ್ಟಬೇಡಿ ಎನ್ನುವುದು ಇಂಥಲ್ಲಿ ಗೌರವವಲ್ಲ. ಗೆದ್ದಲಿಗೆ ಕೊಟ್ಟ ಪರವಾನಗಿ. ನಮ್ಮ ನೆನಪು ಕದಡಬಾರದೆಂದು ವಸ್ತುವನ್ನು ಸಾಯಗೊಡುವುದರಲ್ಲಿಯೂ ಸ್ವಾರ್ಥವಿದೆ.

ಇನ್ನು ರಸ್ತೆಯ ಮಾತು. 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಬಂದ ತಿದ್ದುಪಡಿಯಂತೆ, 50 ವರ್ಷ ದಾಟಿದ, ಮೂಲ ರೂಪದಲ್ಲಿರುವ, ಚಾಸಿ, ಮೈಕಟ್ಟು, ಇಂಜಿನ್ನುಗಳಲ್ಲಿ ಹೆಚ್ಚಿನ ಮಾರ್ಪಾಡಿಲ್ಲದ ವಾಹನಗಳನ್ನು ‘ವಿಎ’ ಅಕ್ಷರಗಳುಳ್ಳ ಫಲಕದೊಡನೆ ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ. ಪ್ರದರ್ಶನ, ರ್‍ಯಾಲಿಗಳಿಗೆ ಒಯ್ಯಬಹುದು, ದಿನನಿತ್ಯದ ಓಡಾಟಕ್ಕಿಲ್ಲ. ಆದರೆ ಒಮ್ಮೆ ರಸ್ತೆಗಿಳಿಸಿದರೂ ಎದುರಿಗೆ ಬರುವವರು ಯಾರದೋ ಮಕ್ಕಳು. 1933ರ ಈ ಗಾಡಿಯ ಬ್ರೇಕು ಸರಳು ತಂತಿಗಳಿಂದ ನಡೆಯುವಂಥದ್ದು. ಎಣ್ಣೆಯೊತ್ತಡದ ಬ್ರೇಕು ಷೆವರ್ಲೆಗೆ ಬಂದದ್ದು 1936ರಲ್ಲಿ. ಸವೆದ ಬ್ರೇಕು, ಒಡೆದ ಟೈರು, ಇಲಿ ಕಡಿದ ವೈರುಗಳನ್ನು ಬದಲಿಸದೆ ಹಳೆಯದೆಂದು ಹೆಮ್ಮೆಪಡುವಂತಿಲ್ಲ. ಇಲ್ಲಿ ಅಜ್ಜನ ಗುರುತಿಗಿಂತ ದಾರಿಹೋಕನ ಪ್ರಾಣ ದೊಡ್ಡದು.

ನಾವು ಹೀಗೆ ವಾದಿಸುತ್ತಿರುವಾಗ ಊರಿನ ಹಿರಿಯ ಹೆಂಗಸೊಬ್ಬರು ಬಂದು ಕೊಟ್ಟಿಗೆಯ ಬಾಗಿಲಲ್ಲಿ ನಿಂತರು. ಎಪ್ಪತ್ತು ದಾಟಿದವರು. ಅವರ ತಾಯಿಯನ್ನು ಹೆರಿಗೆಗೆಂದು ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಗೆ ಇದೇ ಕಾರಿನಲ್ಲಿ ಒಯ್ಯುತ್ತಿದ್ದಾಗ, ಯಶವಂತಪುರ ಸೇರುವ ಮುನ್ನವೇ, ಹಿಂದಿನ ಆಸನದಲ್ಲಿ ಹುಟ್ಟಿದವರು ಅವರು. ಆ ಆಸನ ಈಗ ಹರಿದು ನಾರು ಹೊರಬಂದಿದೆ. ಅದರ ಮೇಲೆ ಕೈಯಿಟ್ಟು ಏನನ್ನೂ ಹೇಳದೆ ಸುತ್ತು ಬಂದು, ಕೊಂಡಿಗಳ ಬಳಿ ಮೇಸ್ತ್ರಿ ಸೀಮೆಸುಣ್ಣದಲ್ಲಿ ಎಳೆದಿದ್ದ ಗೆರೆಯನ್ನು ಕಂಡು ಕೇಳಿದರು: "ಇದನ್ನ ಕಿತ್ತಾಕ್ಬುಟ್ರೆ ನಿಮ್ಮಜ್ಜ ಗೂಡಿನ ಚೀಲ ಎಲ್ಲಿ ಕಟ್ತಾರಪ್ಪಾ?"

ಅಣ್ಣ ಬಹಳ ಹೊತ್ತು ಮಾತಾಡಲಿಲ್ಲ.

ಹುಡುಗಿಯ ಶುಲ್ಕವನ್ನು ಮೊದಲು ಕಟ್ಟಿದರು. ಉಳಿದ ಹಣದಲ್ಲಿ ಕೊಟ್ಟಿಗೆಯ ಸೂರು ಸರಿಮಾಡಿಸಿ, ಗೆದ್ದಲಿಗೆ ಮದ್ದು ಹಾಕಿಸಿದರು. ಹಿಟ್ಟಾದ ಮರದ ಬದಲಿಗೆ ಹೊಸ ಮರ ಕೂಡಿಸಿ, ಅದರ ಒಳಮೈಯಲ್ಲಿ ಇಸವಿ ಕೊರೆಸಿದ್ದಾರೆ. ತೆಗೆದ ಹಳೆಯ ತುಂಡುಗಳನ್ನು ಚೀಟಿ ಅಂಟಿಸಿ ಪೆಟ್ಟಿಗೆಯಲ್ಲಿಟ್ಟಿದ್ದಾರೆ. ಹರಿದ ಆಸನವನ್ನು ಬಿಸಾಡದೆ ಮೇಲೊಂದು ಬಟ್ಟೆಯ ಹೊದಿಕೆ ಹೊಲಿಸಿದ್ದಾರೆ. ಬಿಗಿದುಕೊಂಡ ಇಂಜಿನ್ನನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆಯೋಣವೆಂದವರೂ ಇದ್ದರು. ಹಾಗೆ ಮಾಡಿದರೆ ಪಿಸ್ಟನ್ನಿನ ಬಳೆಗಳು ಮುರಿಯುತ್ತವೆ ಎಂದು ಮೇಸ್ತ್ರಿಯೇ ತಡೆದ. ಪ್ಲಗ್ಗುಗಳನ್ನು ಬಿಚ್ಚಿ, ಸಿಲಿಂಡರುಗಳಿಗೆ ಎಣ್ಣೆ ಸುರಿದು, ಮೂರು ವಾರ ಕಾದು, ಹ್ಯಾಂಡಲ್ಲಿನಿಂದ ಮೆಲ್ಲನೆ ತಿರುಗಿಸಿದಾಗ ಅದು ಕಾಲು ಸುತ್ತು ತಿರುಗಿತು. ಮರುದಿನ ಅರ್ಧ ಸುತ್ತು.

ಕೊಂಡಿಗಳು ಇದ್ದಲ್ಲಿಯೇ ಇವೆ. ಬಣ್ಣದ ವಿಷಯ ಇನ್ನೂ ತೀರ್ಮಾನವಾಗಿಲ್ಲ. ಅಣ್ಣನಿಗೆ ಕೆಂಪಿನ ಮೇಲೆ ಮನಸ್ಸಿದೆ, ತಮ್ಮ ಹಳೆಯ ಕಪ್ಪನ್ನು ಎಣ್ಣೆಬಟ್ಟೆಯಿಂದ ಒರೆಸಿದರೆ ಸಾಕೆನ್ನುತ್ತಾನೆ. ಮುಂದಿನ ಭಾನುವಾರ ಮತ್ತೆ ಬರಬೇಕೆಂದು ಇಬ್ಬರೂ ನನಗೆ ಬೇರೆ ಬೇರೆಯಾಗಿ ಫೋನು ಮಾಡಿದ್ದಾರೆ.