ಉಪ್ಪಿನ ಋಣ

‘ಉಪ್ಪು ತಿಂದವರು ನೀರು ಕುಡಿಯಲೇಬೇಕು’ ಎಂಬ ಗಾದೆಯನ್ನು ತಪ್ಪು ಮಾಡಿದವರಿಗೆ ಹೇಳುವುದು ರೂಢಿ. ಯಾವ ತಪ್ಪನ್ನೂ ಮಾಡದ ನನ್ನ ತಂಗಿಯ ಪಾಲಿಗೆ ಅದು ಅಕ್ಷರಶಃ ನಿಜವಾಗಿದೆ. ಉನ್ಮಾದ ಒಮ್ಮೆ, ಖಿನ್ನತೆ ಒಮ್ಮೆ ಆವರಿಸುವ ಬೈಪೋಲಾರ್ ಕಾಯಿಲೆಗೆಂದು ಅವಳು ಹದಿನೆಂಟು ವರ್ಷಗಳಿಂದ ಲಿಥಿಯಂ ಮಾತ್ರೆ ನುಂಗುತ್ತಿದ್ದಾಳೆ.

ಆ ಮಾತ್ರೆಯೂ ಒಂದು ಲವಣವೇ. ಲಿಥಿಯಂ ಅಡುಗೆ ಉಪ್ಪಿನ ಸೋಡಿಯಂಗೆ ಹತ್ತಿರದ ನೆಂಟ. ಮೂತ್ರಪಿಂಡ ಎರಡನ್ನೂ ಹೆಚ್ಚುಕಡಿಮೆ ಒಂದೇ ರೀತಿ ಕಾಣುತ್ತದೆ. ಭೇದಿಯಾಗಿಯೋ ವಿಪರೀತ ಬೆವರಿಯೋ ಉಪ್ಪು ಬಿಟ್ಟ ವ್ರತದಿಂದಲೋ ಮೈಯಲ್ಲಿ ಸೋಡಿಯಂ ಕಡಿಮೆಯಾದರೆ, ಮೂತ್ರಪಿಂಡ ಲಿಥಿಯಂ ಅನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಆಗ ಮದ್ದೇ ವಿಷವಾಗುತ್ತದೆ. ರಕ್ತದಲ್ಲಿ ಲೀಟರಿಗೆ ಸುಮಾರು 0.6ರಿಂದ 1.0 ಮಿಲಿಮೋಲ್ ಇದ್ದರೆ ಗುಣ, 1.5 ದಾಟಿದರೆ ಅಪಾಯ. ಅದಕ್ಕೇ ಆಗಾಗ ರಕ್ತಪರೀಕ್ಷೆ.

ಪ್ರಮಾಣ ಸರಿಯಾಗಿದ್ದರೂ ಬೆರಳು ನಡುಗುವುದುಂಟು, ತೂಕ ಏರುವುದುಂಟು. ತೀರದ ಬಾಯಾರಿಕೆ, ರಾತ್ರಿ ಮತ್ತೆ ಮತ್ತೆ ಏಳುವುದು. ಥೈರಾಯ್ಡ್ ಗ್ರಂಥಿ ಮಂದವಾಗಬಹುದು. ವರ್ಷಗಟ್ಟಲೆ ನುಂಗಿದ ಕೆಲವರಲ್ಲಿ ಮೂತ್ರಪಿಂಡವೂ ಸೊರಗುತ್ತದೆ.

ಆಸ್ಟ್ರೇಲಿಯದ ವೈದ್ಯ ಜಾನ್ ಕೇಡ್ ಅವರು ಉನ್ಮಾದಕ್ಕೆ ಲಿಥಿಯಂ ಕೊಟ್ಟ ವರದಿಯನ್ನು 1949ರಲ್ಲಿ ಪ್ರಕಟಿಸಿದರು. ಅವರ ಮೊದಲ ರೋಗಿ ಚೇತರಿಸಿಕೊಂಡು ಮನೆಗೆ, ಕೆಲಸಕ್ಕೆ ಮರಳಿದ. ಮಾತ್ರೆ ಬಿಟ್ಟ, ಕಾಯಿಲೆ ಮರುಕಳಿಸಿತು. ಮತ್ತೆ ಮಾತ್ರೆ ಶುರುವಾಯಿತು. 1950ರಲ್ಲಿ ಆತ ತೀರಿಕೊಂಡದ್ದು ಲಿಥಿಯಂನ ವಿಷದಿಂದಲೇ. ಬಿಟ್ಟರೂ ಕಷ್ಟ, ಅಳತೆ ತಪ್ಪಿದರೂ ಕಷ್ಟ ಎಂಬುದು ಆಗಲೇ ತಿಳಿದಂತಾಯಿತು.

‘ಅಕ್ಕಾ, ಸಾಕಾಗಿದೆ’ ಎಂದು ತಂಗಿ ಅಂದಾಗ ಮನೆಯವರು, ‘ನೆಮ್ಮದಿಯಾಗಿದ್ದೀಯಲ್ಲ, ಕೈ ನಡುಗಿದರೆ ನಡುಗಲಿ ಬಿಡು’ ಎನ್ನುತ್ತಾರೆ. ಆ ನೆಮ್ಮದಿ ಯಾರದು ಎಂಬುದೇ ನನ್ನ ಪ್ರಶ್ನೆ. ಅವಳ ಮನಸ್ಸು ಸ್ಥಿಮಿತದಲ್ಲಿದ್ದರೆ ಮನೆಯವರೆಲ್ಲರಿಗೂ ನಿದ್ದೆ. ನಡುರಾತ್ರಿ ತಂಬಿಗೆಗೆ ಕೈಚಾಚುವವಳು ಅವಳೊಬ್ಬಳೇ. ಲಾಭವನ್ನು ಎಲ್ಲರೂ ಹಂಚಿಕೊಂಡು ನಷ್ಟವನ್ನು ಒಬ್ಬಳ ಹೆಸರಿಗೆ ಬರೆಯುವುದು ಯಾವ ನ್ಯಾಯ? ಉಪ್ಪು ತಿಂದವಳು ಅವಳು, ಉಪ್ಪಿನ ಋಣ ನಮ್ಮ ಮೇಲಿದೆ.

ಹಾಗೆಂದು ಮಾತ್ರೆ ಬಿಡು ಎನ್ನಲಾರೆ. ಥಟ್ಟನೆ ಬಿಟ್ಟರೆ ಉನ್ಮಾದ ಮರಳುವ ಸಂಭವ ಹೆಚ್ಚು. ಆದರೆ ‘ನುಂಗು’ ಎನ್ನುವವರಿಗೆ ದೂರು ಕೇಳುವ ಹೊಣೆಯೂ ಇದೆ. ಪ್ರಮಾಣ ತಗ್ಗಿಸಬಹುದೇ, ಬೇರೆ ಔಷಧವಿದೆಯೇ ಎಂದು ವೈದ್ಯರೆದುರು ಅವಳ ಪಕ್ಕದಲ್ಲಿ ಕೂತು ಕೇಳಬೇಕು. ಮೈಕೈ ನೋವೆಂದರೆ ಕೈಗೆ ಸಿಕ್ಕ ಐಬುಪ್ರೊಫೆನ್ ಕೊಡಬಾರದು. ಅದು ರಕ್ತದ ಲಿಥಿಯಂ ಅನ್ನು ಏರಿಸುತ್ತದೆ. ಉಪ್ಪಿಲ್ಲದ ವ್ರತಕ್ಕೆ ಒತ್ತಾಯಿಸಬಾರದು. ಎಲ್ಲಕ್ಕಿಂತ ಮಿಗಿಲಾಗಿ, ಸ್ಥಿಮಿತದಲ್ಲಿರುವಾಗ ತನ್ನ ಮೈಯ ಬಗ್ಗೆ ಅವಳು ಆಡಿದ ಮಾತನ್ನು ಕಾಯಿಲೆಯ ಮಾತೆಂದು ತಳ್ಳಿಹಾಕಬಾರದು.